ದೂರಸಂಪರ್ಕದ ಹಳೆಯ ಅಳತೆಗಳೂ ಹೊಸ ಅಳತೆಗಳೂ

ಲೋಕವ್ಯವಹಾರವೆಲ್ಲವೂ ಅಳತೆಯನ್ನು ಆಶ್ರಯಿಸಿದೆ. ಅಳತೆ ಬದಲಾದ ಮಾತ್ರಕ್ಕೆ ವಸ್ತು ಬದಲಾಗುವುದಿಲ್ಲ. ಆದರೆ ಹಳೆಯ ಅಳತೆಯನ್ನು ಹೊಸದಕ್ಕೆ ತಿರುಗಿಸುವ ಕ್ರಮ ತಿಳಿಯದವನು ಕೊಡುವಾಗಲೂ ಕೊಳ್ಳುವಾಗಲೂ ನಷ್ಟಕ್ಕೆ ಗುರಿಯಾಗುತ್ತಾನೆ. ೧೯೫೭ರ ಏಪ್ರಿಲ್ ೧ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ ೧೬ ಆಣೆ, ೧೯೨ ಪೈ. ಅಂದಿನಿಂದ ೧೦೦ ನಯಾಪೈಸೆ. ನಾಲ್ಕಾಣೆ ೨೫ ಪೈಸೆಗೆ ಸರಿಹೋಯಿತು. ಒಂದಾಣೆಯಾದರೋ ೬.೨೫ ಪೈಸೆ, ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ೬ ಪೈಸೆ ಎಂದೇ ಎಣಿಸಬೇಕಾಯಿತು. ಧಾನ್ಯದ ಅಳತೆಯಲ್ಲಿಯೂ ಇಂತಹುದೇ ತೊಡಕು. ನಮ್ಮ ಸೀಮೆಯಲ್ಲಿ ೨೦ ಕೊಳಗಕ್ಕೆ ಒಂದು ಖಂಡುಗವೆಂಬುದು ನಿಶ್ಚಿತ. ಆದರೆ ಕೊಳಗಕ್ಕೆ ಎಷ್ಟು ಸೇರೆಂಬುದು ಊರಿಂದೂರಿಗೆ ಬೇರೆಯಾಗಿತ್ತು. ಆದ್ದರಿಂದ 'ಹತ್ತು ಖಂಡುಗ' ಎಂದು ಕೇಳಿದವನು 'ಯಾವೂರ ಕೊಳಗ?' ಎಂದು ಮೊದಲು ವಿಚಾರಿಸುತ್ತಿದ್ದನು.

ದೂರಸಂಪರ್ಕದ ಕ್ಷೇತ್ರದಲ್ಲಿ ಇಂದು ನಾವು ಅದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ಹಳೆಯ ಕಡತಗಳಲ್ಲಿ 'ನಿಮಿಷಕ್ಕೆ ೨೦ ಪದ', '೫೦ ಬಾಡ್', '೨೪೦೦ರ ಮೋಡೆಮ್', '೬೪ ಕೆ ಲೈನ್', 'ಒಂದು ಇ-೧' ಎಂಬ ಮಾತುಗಳು ಕಾಣುತ್ತವೆ. ಇಂದಿನ ಬಿಲ್ಲಿನಲ್ಲಿ '೧೦೦ ಎಂಬಿಪಿಎಸ್' ಎಂದು ಅಚ್ಚಾಗಿರುತ್ತದೆ. ಇವುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಬಗೆ ಹೇಗೆಂಬುದೇ ಈ ಲೇಖನದ ವಿಷಯ. ತಂತಿ, ಟೆಲೆಕ್ಸ್‌ಗಳ ಕಾಲದಲ್ಲಿ ದುಡಿದ ಹಳೆಯ ವಿದ್ಯಾರ್ಥಿಗಳಿಗೆ ಇದು ತಮ್ಮ ಅನುಭವವನ್ನು ಇಂದಿನ ಮಾತಿನಲ್ಲಿ ಹೇಳುವ ಸಾಧನ. ಅಂತರ್ಜಾಲದ ಮೂಲಕ ಪಾಠ ಹೇಳುವ ಅಧ್ಯಾಪಕರಿಗೂ, ಶಾಲೆಗೆ ಆ ಸಂಪರ್ಕವನ್ನು ಕೊಡಿಸಲು ಮುಂದಾಗುವ ದಾನಿಗಳಿಗೂ ಇದು ಪ್ರಯೋಜನದ ಲೆಕ್ಕ. ಕನ್ನಡ ಪಂಡಿತನಿಗೆ ಇದರಲ್ಲಿ ಅಧಿಕಾರವೇನೆಂದು ಯಾರಾದರೂ ಕೇಳಬಹುದು. ಮಾತ್ರೆಗಳನ್ನು ಎಣಿಸುವುದು ಛಂದಶ್ಶಾಸ್ತ್ರದ ಕೆಲಸ. ಈ ಲೆಕ್ಕವೂ ಕಡೆಗೆ ಮಾತ್ರೆಗಳ ಎಣಿಕೆಯೇ ಆಗಿದೆ.

ಕೇಳಬೇಕಾದ ಮೂರು ಪ್ರಶ್ನೆಗಳು

ವೇಗವನ್ನು ಹೇಳುವ ಯಾವ ಅಂಕಿಯನ್ನು ಕಂಡರೂ ಮೂರು ಪ್ರಶ್ನೆಗಳನ್ನು ಕೇಳಬೇಕು. ಎಣಿಸಿರುವುದು ಏನನ್ನು? ಎಷ್ಟು ಕಾಲಕ್ಕೆ? ಎಷ್ಟು ಜನರ ಪಾಲಿಗೆ? ಮೊದಲನೆಯದಕ್ಕೆ ಉತ್ತರವಾಗಿ ಪದ, ಅಕ್ಷರ, ಬಾಡ್, ಬಿಟ್, ಬೈಟ್ ಎಂಬ ಬೇರೆ ಬೇರೆ ಹೆಸರುಗಳು ಬರುತ್ತವೆ. ಎರಡನೆಯದಕ್ಕೆ ನಿಮಿಷ, ಸೆಕೆಂಡು, ದಿನ ಎಂಬ ಉತ್ತರಗಳುಂಟು. ಮೂರನೆಯ ಪ್ರಶ್ನೆಯನ್ನು ಕೇಳುವವರೇ ವಿರಳ. ಆದರೆ ಶಾಲೆಯ ಹಿತ ಅಡಗಿರುವುದು ಅದರಲ್ಲಿಯೇ.

ಎಲ್ಲ ಅಳತೆಗಳಿಗೂ ಸಾಮಾನ್ಯವಾದ ನೆಲೆ 'ಬಿಟ್'. ದ್ವಿಮಾನ ಪದ್ಧತಿಯ ಒಂದು ಅಂಕಕ್ಕೆ, ಎಂದರೆ ೦ ಅಥವಾ ೧ಕ್ಕೆ, ಈ ಹೆಸರು. ಅಮೆರಿಕದ ಕ್ಲಾಡ್ ಶ್ಯಾನನ್ ೧೯೪೮ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಪದ ಪ್ರಸಿದ್ಧಿಗೆ ಬಂದಿತು. ಅದೇ ವರ್ಷ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂಬ ಅನ್ವರ್ಥನಾಮವೇ ನಿಂತಿತು.

ತಂತಿಯ ಮಾತ್ರೆ

ಮೋರ್ಸ್ ಸಂಕೇತದಲ್ಲಿ ಎರಡೇ ಧ್ವನಿಗಳು: ಚುಕ್ಕೆ ಮತ್ತು ಗೀಟು. ನಮ್ಮ ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೋರ್ಸ್‌ನಲ್ಲಿ ಚುಕ್ಕೆಗೆ ಒಂದು, ಗೀಟಿಗೆ ಮೂರು. ಅಲ್ಲಿ ಮೌನಕ್ಕೂ ಲೆಕ್ಕವುಂಟು: ಅಕ್ಷರದೊಳಗಿನ ಬಿಡುವು ಒಂದು ಮಾತ್ರೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ವೇಗವನ್ನು ಅಳೆಯಲು 'ಪ್ಯಾರಿಸ್' ಎಂಬ ಊರಿನ ಹೆಸರನ್ನು ಮಾದರಿಯ ಪದವಾಗಿ ಇಟ್ಟುಕೊಂಡರು. ಅದರ ಐದು ರೋಮನ್ ಅಕ್ಷರಗಳನ್ನೂ ಕೊನೆಯ ಬಿಡುವನ್ನೂ ಕೂಡಿಸಿದರೆ ಸರಿಯಾಗಿ ೫೦ ಮಾತ್ರೆಗಳಾಗುತ್ತವೆ.

ಇನ್ನು ಪರಿವರ್ತನೆ ಸುಲಭ. ನಿಮಿಷಕ್ಕೆ ೨೦ ಪದಗಳ ವೇಗವೆಂದರೆ ನಿಮಿಷಕ್ಕೆ ೧,೦೦೦ ಮಾತ್ರೆ; ಅದನ್ನು ೬೦ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು ೧೬.೭. ನುರಿತ ತಂತಿ ಗುಮಾಸ್ತನೊಬ್ಬನ ಬೆರಳಿನಿಂದ ಸೆಕೆಂಡಿಗೆ ಹದಿನೇಳು ಮಾತ್ರೆಗಳಷ್ಟು ಸುದ್ದಿ ಹೊರಡುತ್ತಿತ್ತು ಎಂದು ತಿಳಿಯಬೇಕು. ಜನನ, ಮರಣ, ವರ್ಗಾವಣೆ, ಪರೀಕ್ಷೆಯ ಫಲಿತಾಂಶಗಳೆಲ್ಲ ಆ ಸಣ್ಣ ಧಾರೆಯಲ್ಲಿಯೇ ಹರಿದು ಬಂದವು. ೨೦೧೩ರ ಜುಲೈ ತಿಂಗಳಿನಲ್ಲಿ ನಮ್ಮ ದೇಶದ ಸಾರ್ವಜನಿಕ ತಂತಿ ಸೇವೆ ಮುಕ್ತಾಯಗೊಂಡಿತು.

ಟೆಲಿಪ್ರಿಂಟರ್ ಮತ್ತು ೫೦ ಬಾಡ್

ಫ್ರಾನ್ಸಿನ ತಂತಿ ಇಲಾಖೆಯ ಎಮಿಲ್ ಬೊದೊ ಎಂಬಾತನು ೧೮೭೪ರಲ್ಲಿ ಪ್ರತಿಯೊಂದು ಅಕ್ಷರಕ್ಕೂ ಸಮಾನವಾಗಿ ಐದೈದು ಸಂಕೇತಗಳನ್ನು ಕೊಡುವ ಪದ್ಧತಿಗೆ ಹಕ್ಕುಪತ್ರ ಪಡೆದನು. 'ಬಾಡ್' ಎಂಬ ಮಾನಕ್ಕೆ ಅವನ ಹೆಸರೇ ಮೂಲ. ತಂತಿಯಲ್ಲಿ ಸೆಕೆಂಡಿಗೆ ಎಷ್ಟು ಬಾರಿ ಸಂಕೇತ ಬದಲಾಗಬಹುದು ಎಂಬುದರ ಎಣಿಕೆಯೇ ಬಾಡ್.

ಟೆಲೆಕ್ಸ್ ಜಾಲದ ಟೆಲಿಪ್ರಿಂಟರುಗಳು ೫೦ ಬಾಡ್ ವೇಗದವು. ಅಕ್ಷರಕ್ಕೆ ಐದು ಸಂಕೇತಗಳಲ್ಲದೆ, ಆರಂಭವನ್ನು ಸೂಚಿಸಲು ಒಂದು, ಮುಕ್ತಾಯಕ್ಕೆ ಒಂದೂವರೆ, ಒಟ್ಟು ಏಳೂವರೆ ಮಾತ್ರೆಗಳು ವ್ಯಯವಾಗುತ್ತಿದ್ದವು. ೫೦ನ್ನು ಏಳೂವರೆಯಿಂದ ಭಾಗಿಸಿದರೆ ಸೆಕೆಂಡಿಗೆ ೬.೬೭ ಅಕ್ಷರ, ನಿಮಿಷಕ್ಕೆ ೪೦೦ ಅಕ್ಷರ. ತೆರಪು ಸೇರಿ ಪದಕ್ಕೆ ಆರು ಅಕ್ಷರವೆಂದರೆ ನಿಮಿಷಕ್ಕೆ ಸುಮಾರು ೬೭ ಪದ. ನಿಜವಾದ ಸುದ್ದಿಯನ್ನು ಹೊತ್ತ ಬಿಟ್ಟುಗಳು ಅಕ್ಷರಕ್ಕೆ ಐದು ಮಾತ್ರವಾದುದರಿಂದ ಸೆಕೆಂಡಿಗೆ ೩೩.೩ ಬಿಟ್. ಹೀಗೆ '೫೦' ಎಂದು ಹೇಳಿದ ಕಡೆಯಲ್ಲಿ ಮೂರನೆಯ ಒಂದು ಪಾಲು ಸಾಗಣೆಯ ಖರ್ಚಿಗೇ ಹೋಗುತ್ತಿತ್ತು. ಮೂಟೆಯ ತೂಕದಲ್ಲಿ ಗೋಣಿಚೀಲದ ತೂಕವೂ ಸೇರಿರುವಂತೆ ಇದು. ಇಂದಿನ ಸಂಪರ್ಕಗಳಲ್ಲಿಯೂ ಈ ಗೋಣಿಚೀಲ ಇದ್ದೇ ಇದೆ. ಬಿಲ್ಲಿನ ಅಂಕಿಯಷ್ಟೂ ಪೂರ್ತಿಯಾಗಿ ಕೈಗೆ ಬಾರದಿರಲು ಇದೂ ಒಂದು ಕಾರಣ.

ನಮ್ಮ ಹೋಬಳಿಯ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 'ದೇವಲಾಪುರ' ಎಂಬುದು ಛಂದಸ್ಸಿನಲ್ಲಿ ಏಳು ಮಾತ್ರೆಯ ಪದ. ಟೆಲಿಪ್ರಿಂಟರಿಗೆ ಅದನ್ನು ರೋಮನ್ ಲಿಪಿಯ ಹತ್ತು ಅಕ್ಷರಗಳಾಗಿ ಬರೆಯಬೇಕಿತ್ತು; ಅಕ್ಷರಕ್ಕೆ ಏಳೂವರೆಯಂತೆ ೭೫ ಮಾತ್ರೆ, ಎಂದರೆ ಒಂದೂವರೆ ಸೆಕೆಂಡು.

ಗಣವೂ ಮಾತ್ರೆಯೂ: ಬಾಡ್ ಮತ್ತು ಬಿಟ್

ಟೆಲಿಪ್ರಿಂಟರಿನ ಕಾಲದಲ್ಲಿ ಒಂದು ಸಂಕೇತಕ್ಕೆ ಒಂದೇ ಬಿಟ್ ಇದ್ದುದರಿಂದ ತಂತಿಯ ಮೇಲೆ ಬಾಡ್ ಮತ್ತು ಬಿಟ್ ಬೇರೆಯಾಗಿ ಕಾಣಲಿಲ್ಲ. ದೂರವಾಣಿಯ ತಂತಿಗೆ ಗಣಕಯಂತ್ರವನ್ನು ಜೋಡಿಸುವ ಮೋಡೆಮ್ ಬಂದ ಮೇಲೆ ಇವೆರಡೂ ಅಗಲಿದವು. ಈ ಭೇದವನ್ನು ಷಟ್ಪದಿಯಿಂದ ಚೆನ್ನಾಗಿ ವಿವರಿಸಬಹುದು. ಭೋಗ, ಪರಿವರ್ಧಿನಿ, ವಾರ್ಧಕ ಈ ಮೂರರಲ್ಲಿಯೂ ಮೊದಲನೆಯ ಪಾದಕ್ಕೆ ನಾಲ್ಕೇ ಗಣಗಳು. ಆದರೆ ಭೋಗದ ಗಣಕ್ಕೆ ಮೂರು ಮಾತ್ರೆ, ಪರಿವರ್ಧಿನಿಗೆ ನಾಲ್ಕು, ವಾರ್ಧಕಕ್ಕೆ ಐದು. ಆದುದರಿಂದ ಗಣಗಳ ಸಂಖ್ಯೆ ಒಂದೇ ಆದರೂ ಪಾದದ ಅಳತೆ ೧೨, ೧೬, ೨೦ ಮಾತ್ರೆಗಳಾಗಿ ಬೆಳೆಯುತ್ತದೆ. ಬಾಡ್ ಎಂಬುದು ಗಣದ ಎಣಿಕೆ. ಬಿಟ್ ಎಂಬುದು ಮಾತ್ರೆಯ ಎಣಿಕೆ. ಗಣಸಂಖ್ಯೆಯನ್ನು ಗಣದ ಮಾತ್ರೆಗಳಿಂದ ಗುಣಿಸಿದರೆ ಮೊತ್ತ ದೊರಕುವಂತೆ, ಬಾಡನ್ನು ಸಂಕೇತವೊಂದರ ಬಿಟ್ಟುಗಳಿಂದ ಗುಣಿಸಿದರೆ ವೇಗ ದೊರಕುತ್ತದೆ.

'೧೨೦೦'ರ ಮೋಡೆಮ್ ೬೦೦ ಬಾಡಿನದು. ಸಂಕೇತಕ್ಕೆ ಎರಡು ಬಿಟ್. '೨೪೦೦'ರ ಮೋಡೆಮ್ ಕೂಡ ೬೦೦ ಬಾಡಿನದೇ. ಸಂಕೇತಕ್ಕೆ ನಾಲ್ಕು ಬಿಟ್. ಇದನ್ನೇ ಜನರು '೨೪೦೦ ಬಾಡ್' ಎಂದು ಕರೆದು ರೂಢಿಗೆ ತಂದರು. ಹಳೆಯ ಕಡತಗಳಲ್ಲಿ ಹಾಗೆ ಬರೆದಿದ್ದರೆ ಅದನ್ನು ಸೆಕೆಂಡಿಗೆ ೨,೪೦೦ ಬಿಟ್ ಎಂದು ಓದಿಕೊಳ್ಳುವುದೇ ಸರಿ, ಮತ್ತೆ ಗುಣಿಸಬಾರದು. '೯೬೦೦'ರದು ೨,೪೦೦ ಬಾಡ್, ನಾಲ್ಕು ಬಿಟ್. '೨೮.೮ ಕೆ' ಎಂಬುದು ೩,೨೦೦ ಬಾಡ್, ಒಂಬತ್ತು ಬಿಟ್. ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದಾಗ ದೂರವಾಣಿಯ ಮೂಲಕ ದೊರೆತ ವೇಗ ಈ ೯,೬೦೦ ಬಿಟ್ಟುಗಳದು.

ದನಿಯ ಅಳತೆ ೬೪ ಹೇಗಾಯಿತು

ಮನುಷ್ಯನ ಮಾತು ತಿಳಿಯಲು ಸೆಕೆಂಡಿಗೆ ೩೦೦ರಿಂದ ೩,೪೦೦ ಕಂಪನಗಳವರೆಗಿನ ಪಟ್ಟಿ ಸಾಕೆಂದು ದೂರವಾಣಿಯವರು ಗೊತ್ತುಮಾಡಿದರು. 'ಬ್ಯಾಂಡ್‌ವಿಡ್ತ್' ಎಂಬ ಮಾತಿಗೆ ವಾಚ್ಯಾರ್ಥ ಈ ಪಟ್ಟಿಯ ಅಗಲವೆಂದೇ. ಅದರ ಮಾನ ಹರ್ಟ್ಸ್. ಇಂದು ಬಿಟ್ಟುಗಳ ವೇಗಕ್ಕೆ ಅದೇ ಮಾತನ್ನು ಬಳಸುವುದು ಲಕ್ಷಣಾವೃತ್ತಿಯಿಂದ. ಓದುವಾಗ ಈ ಎರಡು ಅರ್ಥಗಳನ್ನು ಬೆರೆಸಬಾರದು.

ಆ ದನಿಯನ್ನು ಅಂಕಿಗಳಾಗಿ ಬರೆದಿಡಲು ಸೆಕೆಂಡಿಗೆ ೮,೦೦೦ ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನು ೮ ಬಿಟ್ಟುಗಳಲ್ಲಿ ಬರೆಯುತ್ತಾರೆ. ಗುಣಿಸಿದರೆ ಸೆಕೆಂಡಿಗೆ ೬೪,೦೦೦ ಬಿಟ್. '೬೪ ಕೆ ಲೈನ್' ಎಂಬುದು ಒಬ್ಬನ ಮಾತಿನ ಅಗಲ. ಇಂತಹ ೩೨ ಓಣಿಗಳನ್ನು ಜೋಡಿಸಿದ ಹೆದ್ದಾರಿಯೇ 'ಇ-೧': ೩೦ ಓಣಿ ಮಾತಿಗೆ, ಒಂದು ತಾಳಮೇಳಕ್ಕೆ, ಒಂದು ಕರೆಯನ್ನು ಜೋಡಿಸುವ ಸೂಚನೆಗಳಿಗೆ. ೩೨ನ್ನು ೬೪ರಿಂದ ಗುಣಿಸಿದರೆ ೨,೦೪೮ ಕಿಲೋಬಿಟ್. ಕಡತಗಳಲ್ಲಿ ಇದನ್ನೇ '೨ ಮೆಗಾ ಲೈನ್' ಎಂದು ಬರೆದಿರುವುದುಂಟು.

ಹಳ್ಳಿಗಳಿಗೆ ಈ ಅಂಕಿಪದ್ಧತಿಯ ದೂರವಾಣಿ ಬಂದ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಹಿರಿಯ ಸ್ಥಾನವಿದೆ. ೧೯೮೪ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಗ್ರಾಮಾಂತರಕ್ಕೆಂದು ರೂಪಿಸಿದ ಸ್ವಯಂಚಾಲಿತ ವಿನಿಮಯ ಕೇಂದ್ರಗಳಲ್ಲಿ ಮೊದಲನೆಯದು ೧೯೮೬ರ ಜುಲೈನಲ್ಲಿ ನಮ್ಮ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಅದು ೧೨೮ ದ್ವಾರಗಳ ಯಂತ್ರ. ದ್ವಾರಕ್ಕೆ ೬೪ ಕಿಲೋಬಿಟ್‌ನಂತೆ ಎಲ್ಲ ದ್ವಾರಗಳೂ ಒಮ್ಮೆಲೇ ನುಡಿದರೂ ೮,೧೯೨ ಕಿಲೋಬಿಟ್, ಎಂದರೆ ೮.೨ ಮೆಗಾಬಿಟ್‌ಗಿಂತ ಸ್ವಲ್ಪ ಕಡಿಮೆ. ಇಂದಿನ ೧೦೦ ಮೆಗಾಬಿಟ್‌ನ ಒಂದು ಎಳೆಯಲ್ಲಿ ಅಂತಹ ಹನ್ನೆರಡು ಕೇಂದ್ರಗಳ ಮಾತನ್ನು ತುಂಬಬಹುದು.

ಬಿಟ್–ಬೈಟ್, ಸಾವಿರ–ಸಾವಿರದ ಇಪ್ಪತ್ತನಾಲ್ಕು

ಎಂಟು ಬಿಟ್ಟುಗಳಿಗೆ ಒಂದು ಬೈಟ್. ಸಂಪರ್ಕದ ವೇಗವನ್ನು ಬಿಟ್ಟಿನಲ್ಲಿಯೂ ಕಡತದ ಗಾತ್ರವನ್ನು ಬೈಟಿನಲ್ಲಿಯೂ ಹೇಳುವುದು ರೂಢಿ. ೨೫ ಮೆಗಾಬೈಟಿನ ಕಡತವು ೧೦೦ ಮೆಗಾಬಿಟ್ ಸಂಪರ್ಕದಲ್ಲಿ ಕಾಲು ಸೆಕೆಂಡಿಗೆ ಬಾರದು. ೨೫ನ್ನು ಎಂಟರಿಂದ ಗುಣಿಸಿ ೨೦೦ ಮೆಗಾಬಿಟ್ ಮಾಡಿಕೊಂಡರೆ ಎರಡು ಸೆಕೆಂಡು ಬೇಕೆಂದು ತಿಳಿಯುತ್ತದೆ. ಸಂಪರ್ಕದ ಲೆಕ್ಕದಲ್ಲಿ ಕಿಲೋ ಎಂದರೆ ೧,೦೦೦. ಗಣಕಯಂತ್ರದ ಸ್ಮೃತಿಯ ಲೆಕ್ಕದಲ್ಲಿ ಅದನ್ನು ೧,೦೨೪ ಎಂದು ಹಿಡಿಯುವ ವಾಡಿಕೆಯೂ ಇದೆ. ಈ ವ್ಯತ್ಯಾಸ ಕಿಲೋದಲ್ಲಿ ನೂರಕ್ಕೆ ೨.೪, ಮೆಗಾದಲ್ಲಿ ಸುಮಾರು ೪.೯, ಗಿಗಾದಲ್ಲಿ ಸುಮಾರು ೭.೪. ಆಣೆಯಲ್ಲಿ ಕಳೆದುಹೋದ ಕಾಲು ಪೈಸೆಯಂತೆ, ಮೊತ್ತ ಬೆಳೆದಷ್ಟೂ ಇದೂ ಬೆಳೆಯುತ್ತದೆ.

ಇದುವರೆಗೆ ಹೇಳಿದ್ದನ್ನು ಕೋಷ್ಟಕವಾಗಿ ಕೊಡಲಾಗಿದೆ. ಎಲ್ಲವೂ ಸೆಕೆಂಡಿನ ಲೆಕ್ಕ.

ಮೋರ್ಸ್, ನಿಮಿಷಕ್ಕೆ ೨೦ ಪದ — ೧೬.೭ ಮಾತ್ರೆ
ಟೆಲೆಕ್ಸ್, ೫೦ ಬಾಡ್ — ೫೦ ಬಿಟ್ (ಅದರಲ್ಲಿ ಸುದ್ದಿ ೩೩.೩)
'೨೪೦೦'ರ ಮೋಡೆಮ್ — ೨.೪ ಕಿಲೋಬಿಟ್
೧೯೯೫ರ ಅಂತರ್ಜಾಲ — ೯.೬ ಕಿಲೋಬಿಟ್
ಒಂದು ದನಿಯ ಓಣಿ — ೬೪ ಕಿಲೋಬಿಟ್
ಇ-೧ — ೨.೦೪೮ ಮೆಗಾಬಿಟ್
೧೨೮ ದ್ವಾರಗಳ ಗ್ರಾಮಾಂತರ ಕೇಂದ್ರ — ೮.೧೯೨ ಮೆಗಾಬಿಟ್
೧೦೦ ಮೆಗಾಬಿಟ್ — ೧,೫೬೨ ದನಿಯ ಓಣಿಗಳು

ಕ್ಯೂಸೆಕ್ ಮತ್ತು ಟಿಎಂಸಿ

ವೇಗ ಬೇರೆ, ರಾಶಿ ಬೇರೆ. ಈ ಭೇದವನ್ನು ಮಂಡ್ಯ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯ ಸಂಗ್ರಹವನ್ನು ಟಿಎಂಸಿಯಲ್ಲಿಯೂ ಹೊರಹರಿವನ್ನು ಕ್ಯೂಸೆಕ್‌ನಲ್ಲಿಯೂ ನಮ್ಮ ರೈತರು ಪತ್ರಿಕೆಗಳಲ್ಲಿ ಓದುತ್ತಾರೆ. ಒಂದು ಟಿಎಂಸಿ ಎಂದರೆ ೧೦೦ ಕೋಟಿ ಘನ ಅಡಿ. ಅದನ್ನು ಒಂದು ದಿನದ ೮೬,೪೦೦ ಸೆಕೆಂಡುಗಳಿಗೆ ಹಂಚಿದರೆ ೧೧,೫೭೪ ಕ್ಯೂಸೆಕ್. ಮೊಬೈಲ್ ಯೋಜನೆಯಲ್ಲಿ 'ದಿನಕ್ಕೆ ೧.೫ ಜಿಬಿ' ಎಂದಿದ್ದರೆ ಅದು ಟಿಎಂಸಿಯಂತಹ ರಾಶಿ. 'ಎಂಬಿಪಿಎಸ್' ಎಂಬುದು ಕ್ಯೂಸೆಕ್‌ನಂತಹ ಹರಿವು.

ಆ ರಾಶಿಯನ್ನೂ ಹರಿವಾಗಿ ತಿರುಗಿಸಿ ನೋಡೋಣ. ೧.೫ ಗಿಗಾಬೈಟ್ ಎಂದರೆ ೧,೨೦೦ ಕೋಟಿ ಬಿಟ್. ಇಡೀ ದಿನಕ್ಕೆ ಸಮನಾಗಿ ಹಂಚಿದರೆ ಸೆಕೆಂಡಿಗೆ ಸುಮಾರು ೧೩೯ ಕಿಲೋಬಿಟ್ ಮಾತ್ರ. ಸೆಕೆಂಡಿಗೆ ೨ ಮೆಗಾಬಿಟ್ ಬೇಡುವ ದೃಶ್ಯಪಾಠವನ್ನು ಅದರಲ್ಲಿ ನೋಡಿದರೆ ೬,೦೦೦ ಸೆಕೆಂಡಿಗೆ, ಎಂದರೆ ೧ ಗಂಟೆ ೪೦ ನಿಮಿಷಕ್ಕೆ, ಆ ದಿನದ ಪಾಲು ಮುಗಿಯುತ್ತದೆ. ೨೦೨೦ ಮತ್ತು ೨೦೨೧ರಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಮೊಬೈಲಿಗೆ ಬಂದಾಗ, ಮನೆಗೆ ಒಂದೇ ಫೋನು ಇದ್ದು ಓದುವ ಮಕ್ಕಳು ಇಬ್ಬರಿದ್ದಲ್ಲಿ ಒಬ್ಬೊಬ್ಬರಿಗೆ ದೊರೆತದ್ದು ಐವತ್ತು ನಿಮಿಷ, ಒಂದು ಪೀರಿಯಡ್ಡಿನಷ್ಟು. ಮಗು ಪಾಠ ತಪ್ಪಿಸಿಕೊಂಡಿತೆಂದು ದೂರುವ ಮುನ್ನ ಈ ಭಾಗಾಕಾರವನ್ನು ಮಾಡಿ ನೋಡಬೇಕು.

ಕನ್ನಡ ಬರಹದ ತೂಕ

ಯೂನಿಕೋಡ್ ವ್ಯವಸ್ಥೆಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಜಾಲದಲ್ಲಿ ರೂಢವಾದ ಯುಟಿಎಫ್-೮ ಕ್ರಮದಂತೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು. ಗುಣಿತಾಕ್ಷರದಲ್ಲಿ ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ ಸಂಕೇತ. 'ದೇವಲಾಪುರ' ಎಂಬುದರಲ್ಲಿ ಐದು ವ್ಯಂಜನ, ಮೂರು ಸ್ವರಚಿಹ್ನೆ, ಒಟ್ಟು ಎಂಟು ಸಂಕೇತ. ಎಂದರೆ ೨೪ ಬೈಟ್, ೧೯೨ ಬಿಟ್. ಟೆಲಿಪ್ರಿಂಟರಿನ ೭೫ ಮಾತ್ರೆಗಳಿಗಿಂತ ಇದು ಹೆಚ್ಚು ತೂಕದ್ದು, ನಿಜ. ಆದರೆ ಊರಿನ ಹೆಸರು ತನ್ನ ಲಿಪಿಯಲ್ಲಿಯೇ ಹೋಗುತ್ತದೆ. ೧೦೦ ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಐದು ಲಕ್ಷಕ್ಕೂ ಮೀರಿದಷ್ಟು ಬಾರಿ ಅದನ್ನು ಕಳುಹಿಸಬಹುದು.

ಪುಟವೊಂದರಲ್ಲಿ ೨,೦೦೦ ಸಂಕೇತಗಳಿವೆಯೆಂದು ಇಟ್ಟುಕೊಂಡರೆ ೪೮,೦೦೦ ಬಿಟ್. ಆ ಪುಟಕ್ಕೆ ೯,೬೦೦ರ ಮೋಡೆಮ್ ಐದು ಸೆಕೆಂಡು ತೆಗೆದುಕೊಳ್ಳುತ್ತದೆ. ೬೪ ಕೆ ಲೈನು ಮುಕ್ಕಾಲು ಸೆಕೆಂಡು. ಇನ್ನೂರು ಪುಟದ ಗ್ರಂಥವು ಮೋಡೆಮ್‌ನಲ್ಲಿ ೧೬ ನಿಮಿಷ ೪೦ ಸೆಕೆಂಡಿಗೆ ಬಂದರೆ, ೧೦೦ ಮೆಗಾಬಿಟ್‌ನಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲಿಗೂ ಮೊದಲೇ ಬಂದು ಮುಗಿಯುತ್ತದೆ. ಓದಿಗೆ ಬೇಕಾದ ವೇಗ ಬಹಳ ಅಲ್ಪ. ದೊಡ್ಡ ಅಂಕಿಗಳನ್ನು ಬೇಡುವುದು ದೃಶ್ಯಗಳೇ.

ಒಬ್ಬ ವಿದ್ಯಾರ್ಥಿಯ ಪಾಲು

ಈಗ ಮೂರನೆಯ ಪ್ರಶ್ನೆಗೆ ಬರೋಣ. ೨೦೧೧ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ ಪ್ರತಿ ಗ್ರಾಮ ಪಂಚಾಯಿತಿಗೂ ೧೦೦ ಮೆಗಾಬಿಟ್ ಮುಟ್ಟಿಸುವುದು. ದೇವಲಾಪುರದಂತಹ ಹೋಬಳಿಯ ಶಾಲೆಯೊಂದಕ್ಕೆ ಅಷ್ಟೇ ವೇಗದ ಸಂಪರ್ಕ ದೊರೆಯಿತೆಂದೂ, ೩೦೦ ಮಕ್ಕಳು ಏಕಕಾಲದಲ್ಲಿ ಅದನ್ನು ಬಳಸಿದರೆಂದೂ ಭಾವಿಸೋಣ. ಒಬ್ಬರ ಪಾಲಿಗೆ ಬರುವುದು ೩೩೩ ಕಿಲೋಬಿಟ್. ನಮ್ಮ ಸರ್ಕಾರವು ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಬೇಕಾದ ಕನಿಷ್ಠ ವೇಗವನ್ನು ೨೦೦೪ರಲ್ಲಿ ೨೫೬ ಕಿಲೋಬಿಟ್ ಎಂದೂ, ೨೦೧೩ರಲ್ಲಿ ೫೧೨ ಎಂದೂ, ೨೦೨೩ರ ಜನವರಿಯಲ್ಲಿ ೨ ಮೆಗಾಬಿಟ್ ಎಂದೂ ಗೊತ್ತುಪಡಿಸಿತು. ಹೊರಗಿನ ಫಲಕದಲ್ಲಿ '೧೦೦' ಎಂದು ಬರೆದಿದ್ದರೂ ಒಳಗೆ ಕುಳಿತ ಮಗುವಿಗೆ ಸಿಕ್ಕಿದ್ದು ೨೦೦೪ರ ಅಳತೆಯನ್ನು ದಾಟಿ ೨೦೧೩ರ ಅಳತೆಯನ್ನು ಮುಟ್ಟದ ವೇಗ. ೨೦೨೩ರ ಅಳತೆಯನ್ನು ಪಾಲಿಸಬೇಕಾದರೆ ಒಮ್ಮೆಗೆ ಐವತ್ತು ಮಕ್ಕಳಿಗಿಂತ ಹೆಚ್ಚು ಕೂರಿಸಲಾಗದು.

ಇದರಿಂದ ನಿರಾಶರಾಗಬೇಕಾಗಿಲ್ಲ. ೫೦೦ ಮೆಗಾಬೈಟಿನ ಪಾಠವೊಂದನ್ನು ೩೦೦ ಮಕ್ಕಳು ಪ್ರತ್ಯೇಕವಾಗಿ ತರಿಸಿಕೊಂಡರೆ ೧೦೦ ಮೆಗಾಬಿಟ್ ಸಂಪರ್ಕಕ್ಕೆ ೩ ಗಂಟೆ ೨೦ ನಿಮಿಷ ಹಿಡಿಯುತ್ತದೆ. ಅಧ್ಯಾಪಕರು ಅದನ್ನು ಒಮ್ಮೆ ತರಿಸಿ ಶಾಲೆಯ ಗಣಕಯಂತ್ರದಲ್ಲಿಟ್ಟು ಒಳಜಾಲದ ಮೂಲಕ ಹಂಚಿದರೆ, ಹೊರಗಿನ ಸಂಪರ್ಕಕ್ಕೆ ಬೀಳುವ ಹೊರೆ ೪೦ ಸೆಕೆಂಡು. ಕೆರೆಯನ್ನು ರಾತ್ರಿ ತುಂಬಿಸಿಕೊಂಡು ಹಗಲು ತೂಬೆತ್ತುವ ವಿವೇಕವೇ ಇದು. ಆದುದರಿಂದ ದಾನಿಗಳು ಸಂಪರ್ಕದ ಬಾಡಿಗೆಯೊಂದನ್ನೇ ಅಲ್ಲದೆ, ಪಾಠಗಳನ್ನು ಕೂಡಿಡುವ ಯಂತ್ರಕ್ಕೂ ಒಳಜಾಲಕ್ಕೂ ನೆರವು ನೀಡುವುದು ಹೆಚ್ಚು ಫಲಕಾರಿ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವಿಚಾರಿಸಬೇಕಾದವು ಇಷ್ಟು: ಹೇಳಿರುವ ಅಂಕಿ ಬಿಟ್ಟಿನದೋ ಬೈಟಿನದೋ, 'ಇಷ್ಟರವರೆಗೆ' ಎಂಬ ಗರಿಷ್ಠವೋ, ತಪ್ಪದೆ ಕೊಡುವ ಕನಿಷ್ಠವೋ, ಬರುವ ವೇಗದಷ್ಟೇ ಹೋಗುವ ವೇಗವೂ ಉಂಟೋ, ತಿಂಗಳ ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ, ಅದೇ ಎಳೆಯಲ್ಲಿ ಇನ್ನೆಷ್ಟು ಮಂದಿ ಪಾಲುದಾರರು. ಇವುಗಳಿಗೆ ದೊರೆತ ಉತ್ತರವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ, ಬಂದ ಲಬ್ಧವನ್ನು ಶಾಲೆಯ ದಾಖಲೆಯಲ್ಲಿ ವರ್ಷದ ಸಹಿತ ಬರೆದಿಟ್ಟರೆ, ಮುಂದಿನವರಿಗೆ ಹೋಲಿಕೆಗೆ ಆಧಾರವಾಗುತ್ತದೆ. '೫೦ ಬಾಡ್' ಎಂಬ ಹಳೆಯ ಅಂಕಿಯನ್ನು ಕಂಡು ನಗುವುದೂ ಬೇಡ, '೧೦೦ ಎಂಬಿಪಿಎಸ್' ಎಂಬ ಹೊಸ ಅಂಕಿಯನ್ನು ಕಂಡು ಬೆರಗಾಗುವುದೂ ಬೇಡ. ಎರಡನ್ನೂ ಒಂದೇ ಅಳತೆಗೆ ತಂದು, ಕಡೆಯ ಬೆಂಚಿನ ಮಗುವಿಗೆ ಎಷ್ಟು ತಲುಪಿತೆಂದು ಎಣಿಸುವುದೇ ಅಳತೆಯನ್ನು ಬಲ್ಲವರ ಕರ್ತವ್ಯ.